ರಫ್ ಹಾಳೆಯ ಮೇಲಿನ ಉತ್ತರ

ಅಕ್ಕನ ಬಲಗೈ ನಡುಬೆರಳಿನ ಮೇಲೆ, ಪೆನ್ನು ಒತ್ತುವ ಜಾಗದಲ್ಲಿ, ಹುಣಸೆಬೀಜದಷ್ಟು ದೊಡ್ಡ ಗಂಟಿತ್ತು. ಮಾತಾಡುವಾಗ ಹೆಬ್ಬೆರಳಿನಿಂದ ಅದನ್ನು ತೀಡುತ್ತಲೇ ಇರುತ್ತಿದ್ದರು. ಅಕ್ಕ ಅಂದರೆ ಒಡಹುಟ್ಟಿದವರಲ್ಲ, ರೈಲಿನ ಸಂಬಂಧ. ಅವರು ಟೇಕಲ್‌ನಲ್ಲಿ ಹತ್ತಿ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟಿರುತ್ತಿದ್ದರು. ಮಾಲೂರಿನಲ್ಲಿ ನಾನು ಹತ್ತಿ ಅದನ್ನು ಎತ್ತಿಸಿ ಕೂರುತ್ತಿದ್ದೆ.

ಇಬ್ಬರದೂ ಒಂದೇ ವಿಮಾ ಕಂಪನಿ. ಯಾವ ವಯಸ್ಸಿನವರು ಎಷ್ಟು ಕಾಲ ಬದುಕಬಹುದು, ಅದಕ್ಕೆ ಕಂತು ಎಷ್ಟಿರಬೇಕು ಎಂದು ಲೆಕ್ಕ ಹಾಕುವ ಆಕ್ಚುಯರಿ ವಿಭಾಗ. ಅದರ ಪರೀಕ್ಷೆಗಳೋ ಹನುಮಂತನ ಬಾಲ. ಒಂದೊಂದು ಪೇಪರ್ ಪಾಸಾದಾಗಲೂ ಕಂಪನಿ ಸಂಬಳ ಏರಿಸುತ್ತದೆ, ಬಹುಮಾನ ಕೊಡುತ್ತದೆ, ಹೆಸರು ಬರೆಸಿದ ಕೇಕ್ ತರಿಸುತ್ತದೆ. ಕೇಕ್ ಕತ್ತರಿಸಿ ಹಂಚುವ ಕೆಲಸ ಹಿರಿಯರೆಂದು ಅಕ್ಕನಿಗೇ ಬೀಳುತ್ತಿತ್ತು. ಅದರ ಮೇಲೆ ಅವರ ಹೆಸರು ಕಂಡು ಮಾತ್ರ ವರ್ಷಗಳಾಗಿದ್ದವು.

ದಡ್ಡರೆಂದಲ್ಲ. ಪೆನ್ನಿನಲ್ಲಿ ಬರೆಯುವ ಕಾಲದಲ್ಲಿ ಪೇಪರ್ ಮೇಲೆ ಪೇಪರ್ ಮುಗಿಸಿದವರು. ಆಮೇಲೆ ಉತ್ತರವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಬೇಕೆಂಬ ನಿಯಮ ಬಂತು. ಕೀಬೋರ್ಡ್ ಮುಂದೆ ಅಕ್ಕನ ತಲೆ ಓಡುತ್ತಿರಲಿಲ್ಲ. ಇಡೀ ಉತ್ತರವನ್ನು ಮೊದಲು ರಫ್ ಹಾಳೆಯಲ್ಲಿ ಬರೆದು, ಆಮೇಲೆ ನೋಡಿಕೊಂಡು ಟೈಪ್ ಮಾಡುತ್ತಿದ್ದರು. ಅಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು.

"ನೇರವಾಗಿ ಟೈಪ್ ಮಾಡೋಕೇನು ಧಾಡಿ ಅಕ್ಕ?" ಎಂದು ರೇಗುತ್ತಿದ್ದೆ.

"ಕೈಗೆ ಬರದೆ ತಲೆಗೆ ಬರಲ್ಲ ಕಣೇ."

ಅದೇ ಮಂತ್ರದಿಂದಲೇ ನನ್ನನ್ನು ದಡ ಸೇರಿಸಿದರು. ಊಟದ ಡಬ್ಬಿಯ ಮುಚ್ಚಳದ ಮೇಲೆ ಹಾಳೆಯಿಟ್ಟು ಸೂತ್ರ ಬರೆಸುವರು. ನಾನು ಮೊಬೈಲಿಗೆ ಕೈಹಾಕಿದರೆ, "ಒಳಗಿಡೇ ಅದನ್ನ! ಬೆರಳು ನೋಯ್ಲಿ, ಆಗ ಮರೆಯಲ್ಲ" ಎಂದು ಗದರುವರು. ಮನೆಯಲ್ಲಿ ಅವರ ಅತ್ತೆ ಪ್ರತಿ ಸಲವೂ "ಇಂಕಾ ಎನ್ನಿ ಪರೀಕ್ಷಲಮ್ಮಾ?" ಎಂದು ತೆಲುಗಿನಲ್ಲಿ ಕೇಳುತ್ತಿದ್ದರಂತೆ. "ಇನ್ನೆಷ್ಟು ಅಂತ ನಂಗೇ ಗೊತ್ತಿದ್ರೆ ಹೇಳಲ್ವಾ?" ಎಂದು ಅಕ್ಕ ನಗುತ್ತಿದ್ದರು. ಆ ನಗು ನನಗೆ ಹಿಡಿಸುತ್ತಿರಲಿಲ್ಲ.

ಇಂತಿಷ್ಟು ಸಲ ಫೇಲಾದರೆ ಆಮೇಲೆ ಓದಲು ರಜೆ ಕೊಡುವುದಿಲ್ಲ, ಪರೀಕ್ಷೆಯ ಶುಲ್ಕ ಕಟ್ಟುವುದಿಲ್ಲ, ಸಂಬಳದ ಏರಿಕೆಯೂ ಇಲ್ಲ, ಬೇರೆ ವಿಭಾಗಕ್ಕೆ ಹೋಗಬೇಕು ಎಂಬುದು ಕಂಪನಿಯ ಕಟ್ಟಳೆ. ಅಕ್ಕನಿಗೆ ಕೊನೆಯ ಅವಕಾಶ ಬಂದಾಗ ಅದೇ ಪೇಪರಿಗೆ ನಾನೂ ಕೂತಿದ್ದೆ. ಮುಗಿಸಿ ಹೊರಬಂದರೆ ಅಕ್ಕ ಮೆಟ್ಟಿಲ ಮೇಲೆ ಕೂತು ಬೆರಳು ತೀಡುತ್ತಿದ್ದರು.

"ಪೂರ್ತಿ ಬರ್ದೆ ಕಣೇ. ಒಂದಕ್ಷರ ಬಿಡ್ಲಿಲ್ಲ."

"ಟೈಪ್ ಮಾಡಿದ್ರಾ?"

"ಅರ್ಧ."

ರಫ್ ಹಾಳೆಯನ್ನು ಯಾರೂ ಓದುವುದಿಲ್ಲ. ನಾನು ಪಾಸಾದೆ, ಅವರು ಆಗಲಿಲ್ಲ. ನನ್ನ ಹೆಸರಿನ ಕೇಕ್ ಅಕ್ಕನೇ ಕತ್ತರಿಸಿದರು. "ತಿನ್ನೇ, ಅಳ್ಬೇಡ. ನಾನೇ ಅಳ್ತಿಲ್ಲ, ನಿಂಗೇನು?" ಎಂದರು. 

ಅವರನ್ನು ಕ್ಲೇಮ್ ವಿಭಾಗಕ್ಕೆ ಹಾಕಿದರು. ನನ್ನ ಸಂಬಳ ಅವರದನ್ನು ದಾಟಿತು. ಮುಂದಿನ ಪೇಪರೂ ನಾನು ಪಾಸಾದಾಗ ಮ್ಯಾನೇಜರು ಹೇಗೆ ಓದಿದಿರಿ ಎಂದು ಕೇಳಿದರು. ಅಕ್ಕ ಕಲಿಸಿದರು, ಅವರಿಗೆ ಇನ್ನೊಂದು ಅವಕಾಶ ಕೊಡಿ ಎಂದೆ. "ರೂಲ್ಸ್ ಅಲ್ವಾ" ಎಂದರು. ಕಲಿಸಿದವರಿಗೆ ಬಹುಮಾನ ಕೊಡುವ ರೂಲ್ಸ್ ಯಾಕಿಲ್ಲವೆಂದು ಕೇಳಿಯೂ ಬಿಟ್ಟೆ. ಅವರು ನಕ್ಕರು. 

ಅಕ್ಕ ಬಿಡಲಿಲ್ಲ. ಈಗ ಕೈಯಿಂದ ಶುಲ್ಕ ಕಟ್ಟಿ ಮತ್ತೆ ಅದೇ ಪೇಪರಿಗೆ ಕೂರುತ್ತಿದ್ದಾರೆ. ಪಾಸಾದರೂ ಕಂಪನಿ ಏನೂ ಕೊಡುವುದಿಲ್ಲ ಎಂದರೆ, "ಅವ್ರು ಕೊಟ್ರೆ ಮಾತ್ರ ಪಾಸಾ?" ಎನ್ನುತ್ತಾರೆ. ಪೆನ್ನನ್ನು ಮನೆಯಲ್ಲೇ ಬಿಟ್ಟು, ರೈಲಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಟೈಪ್ ಮಾಡುತ್ತಾರೆ. ಬೆರಳಿನ ಗಂಟು ಕರಗುತ್ತಾ ಬಂದಿದೆ.

ಮೊನ್ನೆ ನಾನು ಹತ್ತಿದಾಗ ಒಂದು ಸೂತ್ರದ ನಡುವೆ ನಿಂತುಬಿಟ್ಟಿದ್ದರು. ಅದೇ ಕಿಟಕಿಯ ಪಕ್ಕ ಅವರೇ ನನಗೆ ಬರೆಸಿದ್ದ ಸೂತ್ರ. ನಾನು ಪೆನ್ನು ಚಾಚಿದೆ.

"ಬೇಡ ಕಣೇ, ಟೈಪ್ ಮಾಡೋ ಅಭ್ಯಾಸ ತಪ್ಪೋಗುತ್ತೆ" ಎಂದು ಕಿಟಕಿಯತ್ತ ತಿರುಗಿದರು.

ಅವರ ಬಲಗೈ ಸೀರೆಯ ಮೇಲಿತ್ತು. ತೋರುಬೆರಳು ಮಾತ್ರ ಮಂಡಿಯ ಮೇಲೆ ಮೆಲ್ಲಗೆ ಬರೆಯುತ್ತಿತ್ತು. ಮುಂದಿನ ಸಾಲು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೂ ಆ ಬೆರಳು ನಿಲ್ಲುವವರೆಗೆ ಕಾಯುತ್ತ ಕೂತೆ.