ಎರಡು ಕುರ್ಚಿಯ ಪೋಕರ್ ಮೇಜು

ಪೋಕರ್ ಆಡುತ್ತೇನೆ ಎಂದು ನಮ್ಮವರೊಬ್ಬರ ಎದುರು ಹೇಳಿ ನೋಡಿ, ಅವರ ಕಿವಿಗೆ ಅದು ಪೋಕರಿ ಎಂದೇ ಬೀಳುತ್ತದೆ. ಒಂದು ಇಕಾರದ ಅಂತರದಲ್ಲಿ ಸದ್ಗೃಹಸ್ಥನೊಬ್ಬ ದುರ್ವ್ಯಸನಿಯಾಗಿಬಿಡುವ ಈ ಭಾಷಾಚಮತ್ಕಾರವನ್ನು ನಾನು ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಪ್ಲೆಸೆಂಟನ್ನಿನಲ್ಲಿ, ಸ್ನೇಹಿತರೊಬ್ಬರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಕೈಯಲ್ಲಿ ಸಪಾದಭಕ್ಷ್ಯ ಹಿಡಿದು ನಿಂತಿದ್ದಾಗ ಅನುಭವಿಸಿದವನು. ಹವ್ಯಾಸವೇನೆಂದು ಹಿರಿಯರೊಬ್ಬರು ವಿಚಾರಿಸಿದರು. ನಾನು ಸತ್ಯವನ್ನೇ ನುಡಿದೆ. ಅವರು ತಮ್ಮ ಮೊಮ್ಮಗನನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡರು.

ನನ್ನ ಆಟದ ಗಾತ್ರ ಕಂಡಿದ್ದರೆ ಅವರಿಗೆ ನಗು ಬರುತ್ತಿತ್ತು. ಇಡೀ ಸಂಜೆ ಗೆದ್ದರೂ ಒಂದು ಕಾಫಿ ಕುಡಿಯುವಷ್ಟು ಆಗುತ್ತಿರಲಿಲ್ಲ. ಅದು ಡಾಟ್‌ಕಾಂ ಎಂಬ ಮಂತ್ರಕ್ಕೆ ಮಾವಿನಕಾಯಿ ಉದುರುತ್ತಿದ್ದ ಕಾಲ. ಅಲ್ಲಿನ ಕೊಲ್ಲಿಯ ಸುತ್ತ ಇದ್ದವರೆಲ್ಲ ತಮ್ಮ ಯೌವನವನ್ನೂ ನಿದ್ದೆಯನ್ನೂ ಪಣವಾಗಿಟ್ಟು, ಕಂಪನಿಯ ಷೇರುಗಳೆಂಬ ಕಾಗದದ ಕುದುರೆಗಳನ್ನು ಓಡಿಸುತ್ತಿದ್ದರು. ಅವರನ್ನು ಯಾರೂ ಜೂಜುಕೋರರೆನ್ನಲಿಲ್ಲ. ಪುಡಿಗಾಸಿನ ಮೇಜಿನಲ್ಲಿ ಕೂತ ನಾನು ಆ ಮಟ್ಟಿಗೆ ಸನ್ಯಾಸಿಯೇ. ಕಂಪ್ಯೂಟರು ಫೋನಿನ ತಂತಿಯ ಮೂಲಕ ಕಿರುಚಿ, ಕೆಮ್ಮಿ, ಅಂತೂ ಜಗತ್ತಿಗೆ ತಗಲಿಕೊಂಡ ಮೇಲೆ ಪರದೆಯಲ್ಲಿ ಒಂದು ಹಸಿರು ಮೇಜು ಮೂಡುತ್ತಿತ್ತು. ಪ್ರತಿಯೊಬ್ಬರಿಗೂ ಮಗುಚಿದ ಎರಡೆಲೆ, ನಡುವೆ ಎಲ್ಲರಿಗೂ ಸೇರಿದ ಐದೆಲೆ. ಕೈ ಚೆನ್ನಾಗಿದ್ದರೆ ಪಣ ಏರಿಸಬೇಕು, ಇಲ್ಲವಾದರೆ ಎಲೆ ಬಿಡಬೇಕು, ಧೈರ್ಯವಿದ್ದರೆ ಕೆಟ್ಟ ಎಲೆಯಲ್ಲೇ ರೀಲು ಬಿಟ್ಟು ಎದುರಾಳಿಯನ್ನು ಹೆದರಿಸಬೇಕು. ಆಟ ಅಷ್ಟೇ. ಆದರೆ ನಾನು ಅಲ್ಲಿಗೆ ಹೋಗುತ್ತಿದ್ದುದು ಆಟಕ್ಕಲ್ಲ, ನನ್ನ ಅಕ್ಕನ ಜೊತೆ ಮಾತಾಡುವುದಕ್ಕೆ.

ಗಿರಿಜಕ್ಕ ನನಗಿಂತ ಸಾಕಷ್ಟು ದೊಡ್ಡವಳು. ಮೈಸೂರಿನಲ್ಲಿ ಬೇಸಿಗೆ ರಜೆ ಬಂದರೆ ತಾರಸಿಯ ನೆರಳಿನಲ್ಲಿ ಚಾಪೆ ಹಾಸಿ ನಮ್ಮನ್ನೆಲ್ಲ ಇಸ್ಪೀಟಿಗೆ ಕೂರಿಸುತ್ತಿದ್ದವಳು ಅವಳೇ. ಅವಳು ಎಲೆಯಿಂದ ಗೆದ್ದದ್ದು ಕಡಿಮೆ, ಬಾಯಿಂದ ಗೆದ್ದದ್ದೇ ಹೆಚ್ಚು. "ನಿನ್ ಹತ್ರ ಎಕ್ಕ ಇದೆ ಅಂತ ನಿನ್ ಕಿವಿನೇ ಹೇಳ್ತಿದೆ ಕಣೋ," ಎಂದುಬಿಡುತ್ತಿದ್ದಳು. ನಾನು ಕಿವಿ ಮುಚ್ಚಿಕೊಳ್ಳಲು ಹೋಗಿ ಎಲೆ ತೋರಿಸಿಬಿಡುತ್ತಿದ್ದೆ. ಮದುವೆಯಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅವಳ ವಾಗ್ಝರಿ ಬತ್ತಲಿಲ್ಲ. ಅವಳ ಗಂಡ ವಾಸುದೇವ ಭಾವ ಉಡುಪಿ ಕಡೆಯವರು, ಸಣ್ಣದೊಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದರು, ಮಿತಭಾಷಿ. ಮಿತಭಾಷಿ ಎಂಬುದೂ ಅತ್ಯುಕ್ತಿಯೇ ಇರಬಹುದು. ಆ ಸಂಸಾರದಲ್ಲಿ ಮಾತಿನ ಇಲಾಖೆ ಪೂರ್ತಿ ಅಕ್ಕನದು, ತಲೆದೂಗುವ ಇಲಾಖೆ ಭಾವನದು. ನಾನು ಕೊಲ್ಲಿಯ ಈಚೆ ದಡದ ನೆವಾರ್ಕಿನಲ್ಲಿದ್ದೆ. ಸಂಜೆ ಆಫೀಸಿನಿಂದ ಬಂದು ಬೂಟು ಬಿಚ್ಚುವಷ್ಟರಲ್ಲಿ ಅವಳ ಫೋನು ಬರುತ್ತಿತ್ತು. ನಾನು ಹೂಂಗುಟ್ಟುತ್ತ ಒಗೆದ ಬಟ್ಟೆಯನ್ನೆಲ್ಲ ಮಡಿಸಿ ಮುಗಿಸುತ್ತಿದ್ದೆ.

ಅಂಥವಳಿಗೆ ಗಂಟಲಿನ ಕ್ಯಾನ್ಸರು ಬಂತು. ಶಸ್ತ್ರಚಿಕಿತ್ಸೆ ಮಾಡಿ, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಕೊಟ್ಟರು. ಸ್ಟೇಷನ್ನು ತಪ್ಪಿದ ರೇಡಿಯೋದಂತಿದ್ದ ಆ ಸದ್ದನ್ನು ತನ್ನದೆಂದು ಒಪ್ಪಿಕೊಳ್ಳಲು ಅವಳಿಗೆ ಆಗಲಿಲ್ಲ, ಡ್ರಾಯರಿನಲ್ಲಿಟ್ಟುಬಿಟ್ಟಳು. ಬರೆದು ಅಳಿಸುವ ಹಲಗೆಯೊಂದು ಸದಾ ಕೈಯಲ್ಲಿರುತ್ತಿತ್ತು. ಆದರೆ ಅವಳು ಬರೆದು ಮುಗಿಸುವ ತನಕ ಎದುರಿನವರು ಮುಖದಲ್ಲಿ ಕರುಣೆ ತುಂಬಿಕೊಂಡು ಕಾಯುತ್ತಿದ್ದರು; ಆ ಕಾಯುವಿಕೆಯೇ ಅವಳಿಗೆ ಶಿಕ್ಷೆ. ಸಂಜೆಯ ಫೋನು ನಿಂತಿತು. ಈಮೇಲ್ ಮಾಡೋಣವೆಂದರೆ ಒಪ್ಪಲಿಲ್ಲ. "ಅದು ಮಾತಲ್ಲ ಕಣೋ, ಅರ್ಜಿ," ಎಂದು ಹಲಗೆಯ ಮೇಲೆ ಬರೆದು ತೋರಿಸಿದಳು.

ಕೆಲವು ತಿಂಗಳ ಮೇಲೆ ಅವಳೇ ಒಂದು ಉಪಾಯ ಹುಡುಕಿದಳು. ಲ್ಯಾಬಿನ ಸಹೋದ್ಯೋಗಿಯೊಬ್ಬರು ಆನ್‌ಲೈನ್ ಪೋಕರಿನ ವಿಷಯ ಹೇಳಿದ್ದರಂತೆ. ಆ ಹಸಿರು ಮೇಜಿನ ಕೆಳಗೆ ಆಟಗಾರರು ಪರಸ್ಪರ ಹರಟಲು ಚಿಕ್ಕದೊಂದು ಕಿಟಕಿ ಇತ್ತು. ಅಲ್ಲಿ ಯಾರಿಗೂ ಮುಖವಿಲ್ಲ, ಯಾರಿಗೂ ದನಿಯಿಲ್ಲ. ಎಲ್ಲರೂ ಬೆರಳಿನಿಂದಲೇ ಮಾತಾಡುವವರು. ನಾನು ಮೊದಲ ಸಲ ಅವಳ ಮೇಜಿಗೆ ಹೋದಾಗ ಅವಳು ಹಿಮ ಬೀಳುವ ಯಾವುದೋ ಊರಿನವನೊಬ್ಬನನ್ನು ರೇಗಿಸುತ್ತ, ಅವನ ಪುಡಿಗಾಸನ್ನೆಲ್ಲ ಬಾಚಿಕೊಳ್ಳುತ್ತ ಕೂತಿದ್ದಳು. ಅವನು ಕೊನೆಗೆ ಸೋತು, ನಿನ್ನಷ್ಟು ಬಾಯಿಬಡುಕ ಹೆಂಗಸನ್ನು ನಾನು ಕಂಡೇ ಇಲ್ಲ ಎಂದು ಬರೆದು ಎದ್ದುಹೋದ. ಅಕ್ಕ ನನಗೆ ಇಂಗ್ಲಿಷ್ ಅಕ್ಷರಗಳ ಕನ್ನಡದಲ್ಲಿ ಬರೆದಳು: "ನೋಡಿದ್ಯೇನೋ? ಬಾಯಿಬಡುಕಿ ಅಂದ." ಆಪರೇಷನ್ನಿನ ನಂತರ ಅವಳಿಗೆ ಅಷ್ಟು ಸಂತೋಷವಾದದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ಸಂಜೆಗಳು ಮರಳಿದವು. ಆದರೆ ಕನ್ನಡದಲ್ಲಿ ಹರಟುವ ಇಬ್ಬರನ್ನು ಕಂಡರೆ ಮೇಜಿನ ಉಳಿದವರಿಗೆ ಗುಮಾನಿ. ಒಬ್ಬರ ಎಲೆಯನ್ನು ಇನ್ನೊಬ್ಬರಿಗೆ ಹೇಳಿಕೊಂಡು ಮೋಸದಾಟ ಆಡುತ್ತಿದ್ದಾರೆಂದು ಯಾರೋ ದೂರು ಕೊಟ್ಟರು. ಆ ಹೊತ್ತಿನಲ್ಲಿ ಅಕ್ಕ ನನಗೆ ಹೇಳಿಕೊಡುತ್ತಿದ್ದುದು ಹುಳಿಗೆ ಯಾವಾಗ ಹುಣಸೆರಸ ಬಿಡಬೇಕೆಂಬ ಗುಟ್ಟನ್ನು. ಮೇಜಿನಲ್ಲಿ ಇಂಗ್ಲಿಷ್ ಮಾತ್ರ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ಕೆಲವು ದಿನ ಇಂಗ್ಲಿಷಿನಲ್ಲೇ ಮಾತಾಡಿದೆವು. ಇಂಗ್ಲಿಷಿನಲ್ಲಿ ಅಕ್ಕ ವಿನಯವಂತೆ, ಮೃದುಭಾಷಿಣಿ, ಯಾರದೋ ಅಕ್ಕ. ಕಡೆಗೆ ಅವಳೇ ಸೈಟಿನ ಮೂಲೆಯಲ್ಲಿ ಎರಡೇ ಕುರ್ಚಿಯ ಮೇಜೊಂದನ್ನು ಹುಡುಕಿದಳು. ಅಲ್ಲಿ ದೂರು ಕೊಡಲು ಮೂರನೆಯವನಿಲ್ಲ. ನಮ್ಮಪ್ಪನ ಬಲಗಿಸೆಯಿಂದ ಎಡಗಿಸೆಗೆ ಚಿಲ್ಲರೆ ದಾಟಿಸಿದಂತೆ ನಾವಿಬ್ಬರೂ ಒಬ್ಬರದನ್ನೊಬ್ಬರು ಗೆಲ್ಲುತ್ತ, ಸೋಲುತ್ತ, ಹೊಟ್ಟೆ ತುಂಬ ಕನ್ನಡ ಮಾತಾಡಿದೆವು. ಅಲ್ಲಿ ಕಾಯುವ ಕರುಣೆ ಇರಲಿಲ್ಲ. ಅವಳ ಬೆರಳು ನನ್ನ ಬೆರಳಿಗಿಂತ ಚುರುಕು, ಕಾಯಬೇಕಾದದ್ದು ನಾನಲ್ಲ, ಅವಳು. ಬಹುಶಃ ಅವಳು ಆ ಆಟದಲ್ಲಿ ಗೆದ್ದ ದೊಡ್ಡ ಸಂಗತಿ ಅದೊಂದೇ.

ವಸಂತದ ಒಂದು ಸಂಜೆ, ಅಡುಗೆಮನೆಯಲ್ಲಿ ನನ್ನ ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಾಗ, ಅಕ್ಕ ಪಣ ಏರಿಸಿ ಬರೆದಳು: "ಮತ್ತೆ ಬಂದಿದೆ ಕಣೋ."

ಎಲೆ ಬಂದಿದೆಯೇನೋ ಎಂದುಕೊಂಡು ನಾನು ತಮಾಷೆಗೆ ಕೇಳಿದೆ. "ಯಾವುದು, ರಾಣೀನಾ?"

"ಗಂಟಲಿಂದು. ಈಗ ಶ್ವಾಸಕೋಶದಲ್ಲೂ ಇದೆ. ಸ್ಕ್ಯಾನ್ ನಾನೇ ನೋಡ್ದೆ."

ನನ್ನ ಸರದಿಯ ಸಮಯ ಮುಗಿದು, ಯಂತ್ರವೇ ನನ್ನ ಎಲೆಗಳನ್ನು ಬಿಟ್ಟುಕೊಟ್ಟಿತು. ನಾಣ್ಯಗಳು ಅವಳ ಕಡೆಗೆ ಸರಿದವು. ನಾನು ಈಗಲೇ ಹೊರಟು ಬರುತ್ತೇನೆಂದೆ. ಬೇಡವೆಂದಳು. "ಬಂದ್ರೆ ನಿಮ್ ಭಾವನಿಗೆ ಗೊತ್ತಾಗತ್ತೆ. ಅವ್ರಿಗಿನ್ನೂ ಹೇಳಿಲ್ಲ. ಅವರ ಆಫೀಸಲ್ಲಿ ಲೇಆಫು ಶುರುವಾಗಿದೆ, ಒಂದು ಸಲಕ್ಕೆ ಒಂದು ಭಾರ ಸಾಕು. ನಾನೇ ಹೇಳೋವರ್ಗೂ ನೀನು ಬಾಯಿ ಬಿಡ್ಬೇಡ. ನನ್ನಾಣೆ." ಆಮೇಲೆ, "ಎಲೆ ಹಾಕ್ತಿದೆ, ನೋಡು," ಎಂದಳು. ನಾನು ನೋಡಿದೆ. ಏನು ಎಲೆ ಬಂತೆಂಬುದು ಕಣ್ಣಿಗೆ ಕಾಣಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ನಾವು ಅವರ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದೆವು. ಅಕ್ಕ ಸೊರಗುತ್ತಿದ್ದಳು. ನಾನು ಭಾವನ ಎದುರು ಹವಾಮಾನವನ್ನೂ ಮುಳುಗುತ್ತಿದ್ದ ಕಂಪನಿಗಳನ್ನೂ ಕುರಿತು ಅಸಾಧ್ಯವಾಗಿ ಮಾತಾಡಿದೆ. ಭಾವ ಕೂಡ ಎಂದಿಲ್ಲದಂತೆ ಎರಡು ಮಾತು ಹೆಚ್ಚು ಆಡುತ್ತಿದ್ದರು. ಪಾಪ, ಕೆಲಸದ ಚಿಂತೆಗೆ ಹೀಗೆ ಆಗಿದ್ದಾರೆ ಎಂದುಕೊಂಡೆ. ಬೇಸಿಗೆ ಮುಗಿಯುವ ಹೊತ್ತಿಗೆ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ದಿನ ಅವಳು ನನ್ನನ್ನೂ ಭಾವನನ್ನೂ ಹಾಸಿಗೆಯ ಎರಡು ಪಕ್ಕದಲ್ಲಿ ಕೂರಿಸಿಕೊಂಡು ಹಲಗೆಯ ಮೇಲೆ ಬರೆದಳು, ಕಾಯಿಲೆ ಮರಳಿದೆ ಎಂದು. ಆಣೆ ಮುರಿಯದ ತಮ್ಮನಾಗಿ ನಾನು ಬೆಚ್ಚಿಬಿದ್ದವನಂತೆ ಎದ್ದು ನಿಂತೆ. ಭಾವ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಕ್ಕ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು, ಆಮೇಲೆ ಕಣ್ಣು ಮುಚ್ಚಿಕೊಂಡಳು. ಅವಳ ತುಟಿಯಂಚಿನಲ್ಲಿ ನಗುವಿನಂತಹ ಒಂದು ಗೆರೆ ಇತ್ತು. ನೋವಿಗೆ ಹಾಗಾಯಿತೆಂದು ಆಗ ತಿಳಿದಿದ್ದೆ.

ಚಳಿಗಾಲ ಶುರುವಾಗುವ ಮೊದಲೇ ಅವಳು ಹೋದಳು. ಕೊನೆಯ ವಾರದಲ್ಲಿ ಬರೆಯುವ ಶಕ್ತಿಯೂ ಇರಲಿಲ್ಲ. ನನ್ನ ಅಂಗೈ ಮೇಲೆ ಬೆರಳಿನಿಂದ ಏನೋ ಗೀಚಿದಳು. "ಅ" ಎಂದು ಶುರುವಾಯಿತು. ಅಮ್ಮನೋ, ಅವರೋ, ಅಳಬೇಡವೋ, ಮುಂದಿನ ಅಕ್ಷರ ನನಗೆ ತಿಳಿಯಲಿಲ್ಲ.

ಕರ್ಮಗಳೆಲ್ಲ ಮುಗಿದು ಬಂದವರು ಹೊರಟ ಮಧ್ಯಾಹ್ನ ನಾನೂ ಭಾವನೂ ಅವರ ಅಡುಗೆಮನೆಯಲ್ಲಿ ಉಳಿದೆವು. ಅವರು ಲೋಟ ತೊಳೆಯುತ್ತಿದ್ದರು, ನಾನು ಒರೆಸಿಡುತ್ತಿದ್ದೆ. ಇನ್ನು ಯಾರಿಗೆ ಆಣೆ ಎಂದುಕೊಂಡು, ವಸಂತದಲ್ಲೇ ಅಕ್ಕ ನನಗೆ ಹೇಳಿದ್ದಳೆಂದೂ, ನಿಮಗೆ ಹೇಳಬಾರದೆಂದು ತಡೆದಿದ್ದಳೆಂದೂ ತಿಳಿಸಿದೆ.

ಭಾವ ನಲ್ಲಿ ನಿಲ್ಲಿಸಿದರು. "ನಂಗೂ ಗೊತ್ತಿತ್ತು ಮಾರಾಯ," ಎಂದರು. "ಅದೇ ವಾರ ಹೇಳಿದ್ಲು. ತಮ್ಮನಿಗೆ ಹೇಳ್ಬೇಡಿ ಅಂತ ಬರೆದು ತೋರ್ಸಿದ್ಲು. ಅವ್ನಿಗೆ ಗೊತ್ತಾದ್ರೆ ಆಟ ಬಿಟ್ಟು ಅಳ್ತಾ ಕೂತ್ಕೊಳ್ತಾನೆ, ನಂಗೆ ಮಾತಾಡ್ಲಿಕ್ಕೆ ಯಾರೂ ಇರುದಿಲ್ಲ ಅಂತ."

"ಮತ್ತೆ ಆಸ್ಪತ್ರೇಲಿ ಅವತ್ತು?"

"ನಾನೂ ನಾಟಕವೇ ಮಾಡಿದ್ದು. ನೀನು ಎದ್ದು ನಿಂತದ್ದು ನೋಡಿ, ಪಾಪ ಇವ್ನಿಗೆ ಈಗ ಗೊತ್ತಾಯ್ತಲ್ಲ ಅಂತ ನಂಗೆ ಸಂಕಟ ಆದದ್ದು."

ಆಗ ಆ ತುಟಿಯ ಗೆರೆ ಏನೆಂದು ನನಗೆ ತಿಳಿಯಿತು. ನಾವಿಬ್ಬರೂ ಒಂದೇ ಎಲೆಯನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಒಂದು ಬೇಸಿಗೆ ಕಳೆದಿದ್ದೆವು. ಇಬ್ಬರ ಕೈಯೂ ಗೊತ್ತಿದ್ದವಳು ಅವಳೊಬ್ಬಳೇ. ತನ್ನ ಎದುರು ಇಬ್ಬರೂ ಅಳದ ಮುಖ ಹೊತ್ತಿರಲೆಂದು ಅವಳು ಬಿಟ್ಟ ರೀಲು ಅದು. ಭಾವನಿಗೆ ನಗು ಬಂತು, ನಗುತ್ತಲೇ ಸಿಂಕಿನ ಅಂಚು ಹಿಡಿದುಕೊಂಡರು. ಆ ಮನೆಯಲ್ಲಿ ಅವರು ಸದ್ದು ಮಾಡಿ ಅತ್ತದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸುಧಾರಿಸಿಕೊಂಡ ಮೇಲೆ ಕೇಳಿದರು. "ಅಲ್ಲಿ ಎಂತೆಲ್ಲ ಮಾತಾಡ್ತಿದ್ಲು? ನಾನು ಇಲ್ಲೇ ಪೇಪರ್ ಹಿಡ್ಕೊಂಡು ಕೂತಿರ್ತಿದ್ದೆ. ಕೀಬೋರ್ಡಿನ ಶಬ್ದ ಕೇಳ್ತಿತ್ತು. ಸಿಟ್ಟಾ, ನಗುವಾ, ಅಷ್ಟು ಗೊತ್ತಾಗ್ತಿತ್ತು. ಮಾತು ಎಂತ ಅಂತ ಗೊತ್ತಾಗ್ತಿರ್ಲಿಲ್ಲ."

ಬರೆದದ್ದೆಲ್ಲ ಆ ಹರಟೆಯ ಕಿಟಕಿಯಲ್ಲಿ ಮೇಲೆ ಸರಿದು ಕಾಣೆಯಾಗುತ್ತದೆ, ಎಲ್ಲೂ ಉಳಿಯುವುದಿಲ್ಲ ಎಂದೆ. ನೆನಪಿದ್ದಷ್ಟನ್ನು ಹೇಳಿದೆ. ನೀವು ಕಾಫಿಗೆ ಹಾಲು ಹೆಚ್ಚು ಸುರಿಯುತ್ತೀರೆಂದು ಬೈಯುತ್ತಿದ್ದಳು. ಹಲಗೆಯ ಮೇಲೆ ಬರೆಯುವಾಗ ನೀವೊಬ್ಬರೇ ಅವಳ ಮುಖ ನೋಡದೆ ಕಿಟಕಿಯ ಹೊರಗೆ ನೋಡುತ್ತ ಕಾಯುತ್ತೀರಿ, ಅದು ಅವಳಿಗೆ ಎಷ್ಟು ಹಿತವೆಂದು ಒಂದು ಸಲ ಬರೆದಿದ್ದಳು. ಭಾವ ಒರೆಸಿದ ಲೋಟವನ್ನೇ ಮತ್ತೆ ತೊಳೆಯತೊಡಗಿದರು.

ವಾರ ಕಳೆದ ಮೇಲೆ ಫೋನು ಮಾಡಿ, ಆ ಆಟ ನನಗೂ ಹೇಳಿಕೊಡುತ್ತೀಯಾ ಎಂದು ಕೇಳಿದರು. ಲೇಆಫಿನಲ್ಲಿ ಕೆಲಸ ಹೋಗಿತ್ತು, ಸಂಜೆಗಳು ಉದ್ದವಾಗಿದ್ದವು. ಎರಡು ಕುರ್ಚಿಯ ಮೇಜನ್ನು ತೆರೆದು ಅವರಿಗಾಗಿ ಕಾದೆ. ಅಷ್ಟು ಕೆಟ್ಟ ಆಟಗಾರನನ್ನು ನಾನು ಇಂದಿಗೂ ಕಂಡಿಲ್ಲ: ಯಾವ ಕೈಯನ್ನೂ ಬಿಡುವುದಿಲ್ಲ, ಯಾವ ಪಣವನ್ನೂ ಏರಿಸುವುದಿಲ್ಲ, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತಾರೆ. ಆ ಸಂಜೆ ಬಹಳ ಹೊತ್ತು ಏನೂ ಬರಲಿಲ್ಲ. ಮಾತು ಬರುವವರಿಬ್ಬರು, ಫೋನು ಎತ್ತಿದರೆ ಮುಗಿಯುವ ಕೆಲಸಕ್ಕೆ, ಹೀಗೆ ಕೂತಿದ್ದೇವಲ್ಲ ಎನ್ನಿಸಿತು. ಆದರೆ ಫೋನಿನಲ್ಲಿ ಅವರಿಗೆ ಎಂದೂ ಮಾತು ಹೊರಟಿರಲಿಲ್ಲ.

ಕೊನೆಗೆ ಒಂದು ಸಾಲು ಮೂಡಿತು. "ಸಾರು ಮಾಡಿದೆ. ಉಪ್ಪು ಹೆಚ್ಚಾಯ್ತು."

"ಸ್ವಲ್ಪ ಬಿಸಿನೀರು ಸೇರಿಸಿ ಕುದಿಸಿ," ಎಂದೆ.

"ಸೇರಿಸಿದೆ. ಈಗ ಇಬ್ಬರಿಗೆ ಆಗುವಷ್ಟು ಉಂಟು."

ಯಂತ್ರ ಎಲೆ ಹಂಚಿತ್ತು. ಇಬ್ಬರ ಎಲೆಗಳೂ ಕಾಯುತ್ತಿದ್ದವು. ನಾನು ಆಡಲಿಲ್ಲ, ಅವರೂ ಆಡಲಿಲ್ಲ. ಭಾನುವಾರದವರೆಗೆ ಕಾಯಬೇಕೇಕೆಂದು ಒಳಗೆ ಹೋಗಿ ಕಾರಿನ ಕೀಲಿ ತೆಗೆದುಕೊಂಡು, ಬರುತ್ತಿದ್ದೇನೆ ಎಂದು ಬರೆದೆ. "ಬಾ," ಎಂದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು ಬಂತು: "ಮಾತಾಡುವ."