ಜಿಲಾನಸಾಬ ಮಾಸ್ತರರು ಹೇಳದೇ ಉಳಿದ ಉತ್ತರ

ಭಾಗ್ಯನಗರದ ಜಿಲಾನಸಾಬ ಮಾಸ್ತರರಿಗೆ ಅವಸರದ ತೀರ್ಮಾನವೆಂದರೆ ಮೈ ಉರಿಯುತ್ತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ನಮಾಜು ತಪ್ಪಿಸಿದವರಲ್ಲ. ಎರಡೂ ಒಂದೇ ತಲೆಯಲ್ಲಿ ಹೇಗೆ ಕೂತಿವೆ ಎಂದು ಊರಿನ ಜಾಣರಿಗೆ ಇನ್ನಿಲ್ಲದ ಚಿಂತೆ. ಕುರಾನಿನಲ್ಲಿ ವಿಜ್ಞಾನದ ತಪ್ಪಿದೆ ಎಂದು ಯಾರಾದರೂ ಕೆಣಕಿದರೆ ಅವರು ಸಿಟ್ಟಾಗುತ್ತಿರಲಿಲ್ಲ. ಮೂಲದ ಅರಬ್ಬಿ ಶಬ್ದ ಯಾವುದು, ಅಂದು ಕೇಳಿದವರು ಅದನ್ನು ಏನೆಂದು ತಿಳಿದರು, ಮಾತು ಕಣ್ಣಿಗೆ ಕಂಡದ್ದನ್ನು ಹೇಳುತ್ತದೋ ವಸ್ತುವಿನ ಗುಣವನ್ನೋ, ಇಷ್ಟು ನೋಡದೆ ತಪ್ಪೂ ಅನ್ನಬಾರದು, ಸರಿಯೂ ಅನ್ನಬಾರದು ಎನ್ನುತ್ತಿದ್ದರು. ರಾಕೆಟ್ಟಿನ ವಿಷಯವೂ ಕುರಾನಿನಲ್ಲಿ ಮೊದಲೇ ಇದೆ ಎಂದು ಅಳಿಯ ಮುಷರಫ ಹಿಗ್ಗಿದಾಗ ಅವನಿಗೂ ಅದೇ ತಕ್ಕಡಿ ಹಿಡಿದರು. ಅಳಿಯ ಮುಖ ಊದಿಸಿಕೊಂಡು ಮಾತು ಬಿಟ್ಟ.

ಅವರಿಗೆ ಸರಿಸಾಟಿಯಾದ ಗೆಳೆಯನೆಂದರೆ ಅಳವಂಡಿ ಕಡೆಯ ವಿರುಪಣ್ಣ. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದವನು. ಸಂಜೆ ಚಹದಂಗಡಿಯ ಕಟ್ಟೆಯ ಮೇಲೆ ಇಬ್ಬರ ಬೈಠಕ್ಕು. ಅವರಲ್ಲೊಂದು ಕರಾರಿತ್ತು: ದೇವರ ಗ್ರಂಥದ ಪ್ರಶ್ನೆಗೆ ಅಂದೇ ಉತ್ತರ ಕೊಡುವಂತಿಲ್ಲ, ಓದಿ ವಿಚಾರಿಸಿ ಬಂದೇ ಹೇಳಬೇಕು. ಪ್ರಯಾಣಿಕನೊಬ್ಬ ಸೂರ್ಯ ಕೆಸರಿನ ಬುಗ್ಗೆಯಲ್ಲಿ ಮುಳುಗುವುದನ್ನು ಕಂಡನೆಂಬ ಕುರಾನಿನ ಮಾತು ಬಂದಾಗ ಮಾಸ್ತರರು ಮರುದಿನ ಹೇಳಿದ್ದರು: "ಆ ಪ್ರಯಾಣಿಕಗ ಹಂಗ ಕಂಡತು ಅಂತ ಐತಿ ವಿರುಪಣ್ಣ. ಹುಲಿಗ್ಯಾಗ ಹೊಳಿ ದಂಡಿಗೆ ನಿಂತ್ರ ನಿನಗೂ ಹಂಗ ಕಾಣ್ತೈತಿ." ವಿರುಪಣ್ಣ ತಲೆದೂಗಿದ್ದ.

ಒಂದು ಸಂಜೆ ಅವನು ತಡೆದು ತಡೆದು ಕೇಳಿದ.

"ಮಾಸ್ತರ್ರ, ಆಕಾಶದ ದೀಪಗೋಳು, ಅಂದ್ರ ಚುಕ್ಕಿ, ಸೈತಾನರಿಗೆ ಹೊಡಿಯಾಕ ಅದಾವು ಅಂತ ಕುರಾನಿನ್ಯಾಗ ಐತಂತಲ್ರಿ. ಬೀಳೂವು ಕಲ್ಲು, ಚುಕ್ಕಿ ಅಲ್ಲ ಅಂತ ನಮ್ಮ ಮಗಳು ಸಹನಾಗ ಸಾಲ್ಯಾಗ ನೀವ ಕಲಿಸೀರಿ. ಮೊಬೈಲ್‌ನಾಗ ಇದನ್ನ ಹಿಡಕೊಂಡು ಹೊಲಸು ಬೈದಾಡ್ತಾರ. ನನಗ ಬೈಗಳ ಬ್ಯಾಡ, ನಿಮ್ಮ ಮಾತು ಬೇಕು."

"ಓದಿ ಹೇಳ್ತೀನಿ," ಎಂದರು ಮಾಸ್ತರರು.

ಓದಿದರು. ಎಸೆಯುವುದು ಚುಕ್ಕಿಯನ್ನಲ್ಲ, ಅದರಿಂದ ಹೊರಟ ಕಿಡಿಯನ್ನು ಎಂದು ಕೆಲವು ಪಂಡಿತರು ಬರೆದಿದ್ದರು. ಮುಷರಫನ ಬಾಯಿಂದ ಇಂಥ ವಿವರಣೆ ಬಂದಿದ್ದರೆ ತಾನು ಒಪ್ಪುತ್ತಿದ್ದೆನೇ ಎಂದು ಕೇಳಿಕೊಂಡರು. ಮನಸ್ಸು ಒಪ್ಪಲಿಲ್ಲ. ತಪ್ಪು ಎನ್ನುವುದಕ್ಕೂ ಆಧಾರ ಸಾಲದು. ಅವರ ನಂಬಿಕೆಯೇನೂ ಅಲುಗಲಿಲ್ಲ, ಉತ್ತರ ಮಾತ್ರ ಸಿಗಲಿಲ್ಲ. ಗೊತ್ತಿಲ್ಲ ಅನ್ನಲು ನಾಚಬೇಡಿ ಎಂದು ಜೀವಮಾನವಿಡೀ ಮಕ್ಕಳಿಗೆ ಹೇಳಿದ ಮನುಷ್ಯ, ಈಗ ಸ್ವತಃ ನಾಚಿದರು. ಕಾಲ ಕೆಟ್ಟಿತ್ತು. ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿ ಅದನ್ನು ಸೋಲೆಂದು ಊರೆಲ್ಲ ಸಾರಿಯಾರು ಎಂಬ ಅಳುಕು. ಚಹದಂಗಡಿಯ ದಾರಿಯನ್ನೇ ಬಿಟ್ಟರು.

"ಗೆಳ್ಯಾ ಏನರ ಅಂದನೇನ್ರಿ?" ಎಂದು ಹೆಂಡತಿ ಕಾಸೀಮಬೀ ಕೇಳಿದಳು.

"ಏನೂ ಅಂದಿಲ್ಲ. ಇನ್ನೂ ಓದೂದೈತಿ."

ಇಂದು ಹೋದರಾಯಿತು, ನಾಳೆ ಹೋದರಾಯಿತು ಎನ್ನುತ್ತಲೇ ಮಳೆಗಾಲ ಕಳೆಯಿತು. ಒಂದು ಮುಂಜಾನೆ, ವಿರುಪಣ್ಣ ಎದೆನೋವಿನಿಂದ ತೀರಿಕೊಂಡನೆಂದು ಸುದ್ದಿ ಬಂತು. ಮಾಸ್ತರರು ಚಪ್ಪಲಿಯನ್ನೂ ಮೆಟ್ಟದೆ ಓಡಿದರು.

ವಿರುಪಣ್ಣನ ಹೆಂಡತಿ ಕರಿಯವ್ವ ಅವರನ್ನು ಕಂಡದ್ದೇ ಗೋಳೋ ಎಂದಳು.

"ಈಗ ಬಂದ್ರ್ಯಾ ಮಾಸ್ತರ್ರ? ಅವರ ದೇವರ ಮಾತು ಕೆದಕಿದೆ, ನಾ ಕೇಳಬಾರದಿತ್ತು, ಸಾಬ್ರು ಮುನಿಸ್ಕೊಂಡಾರ ಅಂತ ಹಲಬಿ ಹಲಬಿ ಹ್ವಾದ್ರು. ಮನಿಗೆ ಬಂದು ಮಾಫಿ ಕೇಳಬೇಕಂತಿದ್ರು, ಬಾಗಲಾ ತಗೀತಾರೋ ಇಲ್ಲೋ ಅಂತ ಹೆದರಿದ್ರು. ಅಂಥಾ ತಪ್ಪು ಏನ್ ಕೇಳಿದ್ರು ಇವ್ರು?"

ಮಾಸ್ತರರು ಹೆಣದ ಕಾಲ ಬಳಿ ಕೂತರು.

"ತಪ್ಪಲ್ಲವ್ವಾ. ಛಲೋ ಪ್ರಶ್ನಿ ಕೇಳಿದ್ದ. ನನಗ ಉತ್ತರ ಗೊತ್ತಿರಲಿಲ್ಲ."

ಕರಿಯವ್ವ ಅಳು ನಿಲ್ಲಿಸಿ ಅವರ ಮುಖ ನೋಡಿದಳು.

"ಇಷ್ಟ ಏನ್ರಿ? ಇಷ್ಟು ಹೇಳಾಕ ಏನಾಗಿತ್ರಿ ನಿಮಗ?"

ಮಾಸ್ತರರು ಗೆಳೆಯನ ತಣ್ಣಗಾದ ಪಾದ ಹಿಡಿದುಕೊಂಡು, ನೆರೆದ ಮಂದಿಯ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತರು.