ಸ್ವಿಚ್ಚಿನ ಮೇಲೆ ಮಲಿಕಸಾಬರ ಬೆರಳು

ಝಳಕಿಯ ಹೆದ್ದಾರಿ ಬದಿಗೆ ಮಲಿಕಸಾಬರ ತಗಡಿನ ಶೆಡ್ ಇದೆ. ಅಲ್ಲಿ ಟ್ರ್ಯಾಲಿ, ಟಿಪ್ಪರ್‌ಗಳ ಹೈಡ್ರಾಲಿಕ್ ಜ್ಯಾಕ್ ದುರಸ್ತಿ ಮಾಡುತ್ತಾರೆ. ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಕೆಲಸ ಅವರಿಗೆ ಹೊಸದಲ್ಲ. ಹದಿನೆಂಟು ವರ್ಷ ವಾಯುಪಡೆಯಲ್ಲಿ, ಆಮೇಲೆ ಏಳು ವರ್ಷ ಕೊಲ್ಲಿ ದೇಶದ ಒಂದು ಸರಕು ವಿಮಾನ ಕಂಪನಿಯಲ್ಲಿ ಫ್ಲೈಟ್ ಎಂಜಿನಿಯರ್ ಆಗಿದ್ದರು. ಅಂದರೆ ವಿಮಾನ ಹಾರಿಸುವವರಲ್ಲ. ಪೈಲಟ್‌ಗಳ ಹಿಂದೆ ಕೂತು ಎಂಜಿನ್, ಇಂಧನ, ಹೈಡ್ರಾಲಿಕ್ಕಿನ ಮೀಟರುಗಳ ಮುಳ್ಳುಗಳನ್ನು ನೋಡುವವರು. ಎಷ್ಟು ವಿವರಿಸಿದರೂ ಗೆಳೆಯ ರಾವಸಾಬ ಕೇಳುವುದು ಒಂದೇ: "ಎಣ್ಣಿ ನೋಡಾಕ ಅಷ್ಟು ದೂರ ಹೋಗಬೇಕಿತ್ತೇನೋ? ನನ್ನ ಟ್ರ್ಯಾಕ್ಟರಿಂದು ನೋಡಿದ್ರ ಆಗ್ತಿತ್ತಲ್ಲ!"

ಆರು ವರ್ಷದ ಹಿಂದೆ, ಒಂದು ಮಧ್ಯಾಹ್ನ ಅವರ ದೊಡ್ಡ ಹಳೆಯ ವಿಮಾನ ಸಮುದ್ರದ ಮೇಲಿತ್ತು. ಕ್ಯಾಪ್ಟನ್ ಕೇರಳದವರು. ಸಹ ಪೈಲಟ್ ಚೇತನಕುಮಾರ ಮುದ್ದೇಬಿಹಾಳದ ಹುಡುಗ, ಮಲಿಕಸಾಬರನ್ನು ಕಾಕಾ ಎನ್ನುತ್ತಿದ್ದ. ವಿಮಾನದಲ್ಲಿ ರೆಕ್ಕೆಯ ಹಲಗೆ, ಚಕ್ರಗಳನ್ನು ಆಡಿಸಲು ಮೂರು ಹೈಡ್ರಾಲಿಕ್ ವ್ಯವಸ್ಥೆಗಳು. ಎಡಗಡೆಯದರ ಎಣ್ಣೆಯ ಮುಳ್ಳು ಇಳಿಯತೊಡಗಿತು. ಎಲ್ಲೋ ಕೊಳವೆ ಒಡೆದಿತ್ತು.

ಇಂಥ ಹೊತ್ತಿಗೆ ಒಂದು ಪದ್ಧತಿ ಇದೆ. ಕ್ಯಾಪ್ಟನ್ ವಿಮಾನ ಹಾರಿಸುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಒಬ್ಬರು ಪುಸ್ತಕ ನೋಡಿ ಓದುತ್ತಾರೆ, ಬಾಯಿಪಾಠ ಇದ್ದರೂ ನೋಡಿಯೇ ಓದಬೇಕು. ಇನ್ನೊಬ್ಬರು ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾಯಬೇಕು. ಓದಿದವರು ತಿರುಗಿ ನೋಡಿ "ಹೌದು" ಎಂದ ಮೇಲೆಯೇ ಒತ್ತಬೇಕು.

ಚೇತನಕುಮಾರ ಓದಿದ: ಎಡಗಡೆಯ ಪಂಪ್ ಬಂದ್. ಮಲಿಕಸಾಬರು ಬೆರಳಿಟ್ಟು ಕಾಯ್ದರು. ಅವನು ತಿರುಗಿ ನೋಡಿ, ಪುಸ್ತಕದ ಇಂಗ್ಲಿಷ್ ಮರೆತು, "ಕಾಕಾ, ಅದಲ್ರೀ!" ಎಂದ.

ಬೆರಳು ಬಲಗಡೆಯ ಪಂಪಿನ ಮೇಲಿತ್ತು. ವಾಯುಪಡೆಯ ವಿಮಾನದಲ್ಲಿ ಈ ಎರಡು ಸ್ವಿಚ್ಚುಗಳ ಜಾಗ ಅದಲುಬದಲಾಗಿತ್ತು. ಏಳು ವರ್ಷ ಒಮ್ಮೆಯೂ ತಪ್ಪದ ಬೆರಳು ಆ ಗಾಬರಿಯಲ್ಲಿ ಹಳೆಯ ಜಾಗಕ್ಕೆ ಹೋಗಿತ್ತು. ಒತ್ತಿದ್ದರೆ ಚೆನ್ನಾಗಿದ್ದ ವ್ಯವಸ್ಥೆಯೂ ನಿಲ್ಲುತ್ತಿತ್ತು. ಅವರು ಬೆರಳು ಸರಿಸಿದರು. ಚೇತನಕುಮಾರ "ಹೌದು" ಎಂದ ಮೇಲೆ ಒತ್ತಿದರು.

ಹೊರಟಲ್ಲಿಗೇ ಮರಳಿದರು. ಚಕ್ರ ಇಳಿಸುವುದು ಆ ಎಡಗಡೆಯ ವ್ಯವಸ್ಥೆಯೇ, ಈಗ ಅದರಲ್ಲಿ ಎಣ್ಣೆಯ ಬಲ ಇರಲಿಲ್ಲ. ಮಲಿಕಸಾಬರು ಚಕ್ರದ ಕೊಕ್ಕೆ ಬಿಡಿಸಿದರು, ಚಕ್ರಗಳು ತಮ್ಮ ಭಾರಕ್ಕೆ ತಾವೇ ಇಳಿದವು. ಚಕ್ರ ಇಳಿದು ಬಿಗಿಯಾಯಿತೆಂದು ತೋರಿಸುವ ಐದು ಹಸಿರು ದೀಪಗಳಲ್ಲಿ ನಾಲ್ಕು ಹತ್ತಿದವು, ಐದನೆಯದು ಹತ್ತಲಿಲ್ಲ. ಕ್ಯಾಪ್ಟನ್ ಒಂದು ಸುತ್ತು ಹಾಕಿದರು. ಆಮೇಲೆ ಅದೂ ಹತ್ತಿತು. ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರೆ ಮಲಿಕಸಾಬರು, "ಗೊತ್ತಿಲ್ಲ, ಹೇಳಿದ್ರ ಸುಳ್ಳಾಗತೈತಿ" ಎನ್ನುತ್ತಾರೆ. ವಿಮಾನ ರನ್‌ವೇ ಮೇಲೆ ಇಳಿದು ಅಲ್ಲಿಯೇ ನಿಂತಿತು. ಮುಂದಿನ ಚಕ್ರ ತಿರುಗಿಸಲೂ ಎಣ್ಣೆಯ ಬಲ ಇರಲಿಲ್ಲ, ನಿಲ್ದಾಣದವರು ಅದನ್ನು ಎಳೆದುಕೊಂಡು ಹೋದರು.

ಸಂಜೆ ವರದಿ ಬರೆಯಲು ಕೂತಾಗ ಮಲಿಕಸಾಬರು ತಮ್ಮ ಬೆರಳಿನ ವಿಷಯವನ್ನೂ ಬರೆಯಹತ್ತಿದರು. ಚೇತನಕುಮಾರ ಅವರ ಪೆನ್ನನ್ನು ತಡೆದು ಹಿಡಿದ.

"ನೀವು ಒತ್ತಿಲ್ಲಲ್ರಿ ಕಾಕಾ. ಬೆರಳ ಇಟ್ಟದ್ದನ್ನ ಯಾರರ ಬರೀತಾರೇನ್ರಿ?"

"ಇಟ್ಟಾಂವ ಬರೀಬೇಕು."

"ನೌಕರಿ ಹೋದೀತ್ರಿ. ನಾ ಅಂತೂ ಬಾಯಿ ಬಿಡಾಂವಲ್ಲ."

"ನಾಳೆ ಈ ಕುರ್ಚಿಗೆ ಮತ್ತೊಬ್ಬ ಬರ್ತಾನ. ಅವನೂ ನನ್ನಂಗ ವಾಯುಪಡಿಯಿಂದ ಬಂದಾಂವ ಇದ್ರ ಅವನ ಬೆರಳೂ ಅಲ್ಲಿಗೇ ಹೋದೀತು. ಅದಲ್ರೀ ಅನ್ನಾಕ ಅವತ್ತ ನೀ ಇರ್ತೀಯೇನು?"

ಹುಡುಗ ಪೆನ್ನು ಬಿಟ್ಟ. ಅವನ ಕಣ್ಣು ತುಂಬಿತ್ತು.

ಕಂಪನಿಯವರು ವರದಿ ಓದಿ ಆ ಮಾದರಿಯ ವಿಮಾನಗಳಲ್ಲೆಲ್ಲ ಎಡಗಡೆಯ ಸ್ವಿಚ್ಚಿನ ಸುತ್ತ ಹಳದಿ ಬಣ್ಣದ ಸುತ್ತುಗೆರೆ ಬರೆಸಿದರು. ಮಲಿಕಸಾಬರನ್ನು ಮತ್ತೆ ಪರೀಕ್ಷೆಗೆ ಕೂರಿಸಿದರು. ಅವರು ಪಾಸಾದರು. ಆದರೂ ಕರಾರು ಮುಗಿದಾಗ ಮುಂದುವರಿಸಲಿಲ್ಲ, ಕಾರಣವನ್ನೂ ಬರೆಯಲಿಲ್ಲ. ಆ ಮಧ್ಯಾಹ್ನದ ನಂತರ ಅವರು ಎಂಜಿನಿಯರ್ ಕುರ್ಚಿಯಲ್ಲಿ ಕೂತು ಒಂದು ಸಲವೂ ಹಾರಲಿಲ್ಲ.

ಊರಿಗೆ ಬಂದಾಗ ಹೆಂಡತಿ ಲಾಲಬಿ ಎಲ್ಲ ಕೇಳಿ, "ಒತ್ತಿಲ್ಲಂದ ಮ್ಯಾಲ ಯಾಕ ಕಳಿಸಿದ್ರು?" ಎಂದರು.

ಮೊನ್ನೆ ರಾವಸಾಬನ ಟ್ರ್ಯಾಲಿ ಶೆಡ್ಡಿಗೆ ಬಂದಿತ್ತು. ಎತ್ತಿದ ಟ್ರ್ಯಾಲಿಯನ್ನು ಇಳಿಸಬೇಕಿತ್ತು. ಸಾಲಾಗಿದ್ದ ಎರಡು ವಾಲ್ವ್‌ಗಳಲ್ಲಿ ಒಂದರ ಮೇಲೆ ಬೆರಳಿಟ್ಟು ಮಲಿಕಸಾಬರು ಶೆಡ್ಡಿನ ಹಿಂದಿದ್ದ ಮನೆಯ ಕಡೆ ತಿರುಗಿ ಲಾಲಬಿಯನ್ನು ಕೂಗಿದರು.

"ಇಪ್ಪತ್ತೈದು ವರ್ಷ ಇಮಾನದಾಗ ಇದ್ದಾಂವ, ಹೆಂಡ್ತೀನ ಕೇಳಿ ವಾಲ್ವ್ ತಿರುವತೀಯಲ್ಲೋ!" ರಾವಸಾಬ ನಕ್ಕ. "ತಿರುವು, ನನಗ ಇಂಡಿಗೆ ಹೋಗೂದೈತಿ."

ಮಲಿಕಸಾಬರು ಬೆರಳು ತೆಗೆಯಲಿಲ್ಲ, ತಿರುಗಿಸಲೂ ಇಲ್ಲ. ಲಾಲಬಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದರು. ಟ್ರ್ಯಾಲಿಯ ಕೆಳಗೆ ಬಗ್ಗಿ ಯಾರೂ ಇಲ್ಲವೆಂದು ನೋಡಿದರು. ಆಮೇಲೆ ಬೆರಳನ್ನು ನೋಡಿದರು.

"ಹೌದ್ರಿ," ಎಂದರು.

ಮಲಿಕಸಾಬರು ವಾಲ್ವ್ ತಿರುಗಿಸಿದರು. ಟ್ರ್ಯಾಲಿ ನಿಧಾನಕ್ಕೆ ಇಳಿಯಿತು.